ಸೀಟಿ ಊದುವ ತನಕ

ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ಗಿರಿಜಾದೇವಿಯವರ ಹೆಸರು ಕೇಳದ ಕನ್ನಡದ ಮನೆ ಆ ಕಾಲದಲ್ಲಿ ಆ ಸುತ್ತಿನಲ್ಲೇ ಇರಲಿಲ್ಲ. ಇದ್ದರೆ ಆ ಮನೆಯಲ್ಲಿ ಇನ್ನೂ ಮಕ್ಕಳಾಗಿಲ್ಲ ಎಂದು ತಿಳಿದುಕೊಳ್ಳಬೇಕು, ಅಷ್ಟೇ. ಬೆಳಕು ಹರಿಯುವ ಮೊದಲೇ ಅವರ ಮಗಳು ರಾಜಿಯ ಮನೆಯ ಮುಂದೆ ಕಾರುಗಳು ಬಂದು ನಿಲ್ಲುತ್ತಿದ್ದವು. ಕ್ರ್ಯಾನ್‌ಬರಿಯ ಆಫೀಸಿಗೆ ಹೋಗುವ ತಾಯಂದಿರು, ನ್ಯೂಯಾರ್ಕ್ ಬಸ್ಸು ಹಿಡಿಯಲು ಓಡುವ ತಂದೆಯರು ನಿದ್ದೆಗಣ್ಣಿನ ಮಕ್ಕಳನ್ನು ಕೋಟು ಟೋಪಿ ಸಮೇತ ಎತ್ತಿ ತಂದು ಅವರ ಕೈಗೆ ಒಪ್ಪಿಸುತ್ತಿದ್ದರು. ಹತ್ತಿ ಸೀರೆಯ ಮೇಲೆ ಅಳಿಯನ ಹಳೇ ಸ್ವೆಟರು, ಕಾಲಿಗೆ ಅಳಿಯನದೇ ಹಳೇ ಕಾಲುಚೀಲ ಹಾಕಿಕೊಂಡು ಗಿರಿಜಾದೇವಿ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಹೋಗ್ರಮ್ಮ, ತಿರುಗಿ ನೋಡ್ಬೇಡಿ. ನೀವು ನೋಡಿದ್ರೆ ಅದು ಅಳುತ್ತೆ, ಅದು ಅತ್ರೆ ನೀವು ಅಳ್ತೀರ, ಆಮೇಲೆ ನಿಮ್ಮಿಬ್ಬರನ್ನೂ ನಾನೇ ಸಮಾಧಾನ ಮಾಡ್ಬೇಕು," ಎನ್ನುತ್ತಿದ್ದರು.

ಮಗು ಅಳದೇ ಇರುತ್ತದೆಯೇ? ಅಳುತ್ತಿತ್ತು. ಆಗ ಗಿರಿಜಾದೇವಿ ಬಾಗಿಲು ಹಾಕಿ, ಕಿಟಕಿಯಾಚೆ ಕಾರು ಮರೆಯಾದದ್ದನ್ನು ಖಾತ್ರಿ ಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಲುಚೀಲ ಕಳಚುತ್ತಿದ್ದರು. ಎರಡು ಚಪ್ಪಲಿಯನ್ನು ಕಾಲಿಗಲ್ಲ, ಎರಡು ಕೈಗೆ ಹಾಕಿಕೊಂಡು ಎದೆಗೆ ಅವುಚಿ ಹಿಡಿದು, ಬರಿಗಾಲಲ್ಲಿ ಹಾಲಿನ ತುಂಬ ನಡೆಯುತ್ತಿದ್ದರು. ಅದೇನು ನಡಿಗೆ ಅಂತೀರಿ. ಮೊದಲು ಹೆಬ್ಬೆರಳು ನೆಲವನ್ನು ಮುಟ್ಟಿ ವಿಚಾರಿಸಬೇಕು, ಮಿಕ್ಕ ಬೆರಳುಗಳು ಒಪ್ಪಬೇಕು, ಹಿಮ್ಮಡಿ ಮಾತ್ರ ಕೊನೆಯ ತನಕ ಅನುಮಾನಿಸಬೇಕು. ನಡುವೆ ಕೈಯಲ್ಲಿನ ಚಪ್ಪಲಿಗೆ ಬಗ್ಗಿ ಗುಟ್ಟಾಗಿ ಹೇಳುವುದು: "ಮೆಲ್ಲಗೆ, ಮೆಲ್ಲಗೆ, ಚಪ್ಪಲಿಗೆ ನೋವಾಗುತ್ತೆ." ಅಳುತ್ತಿದ್ದ ಮಗು ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಇನ್ನೊಂದು ಸುತ್ತು ಹಾಕುವಷ್ಟರಲ್ಲಿ ಅದೂ ತನ್ನ ಬೂಟುಗಳನ್ನು ಕೈಗೆ ಹಾಕಿಕೊಂಡು ಹಿಂದೆ ಬರುತ್ತಿತ್ತು.

ಇದು ಮಕ್ಕಳ ಮುಂದೆ ಮಾತ್ರ. ದೊಡ್ಡವರ ಮುಂದೆ ಗಿರಿಜಾದೇವಿ ನಡೆದು ತೋರಿಸುತ್ತಿರಲಿಲ್ಲ, ಬರೀ ಕಥೆ ಹೇಳುತ್ತಿದ್ದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಕೋಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರು. ಕಥೆಯೆಲ್ಲ ಒಬ್ಬನೇ ಮನುಷ್ಯನದು: ತಿಪಟೂರು, ಅರಸೀಕೆರೆ, ತುಮಕೂರು ಅಂತ ಟೆಂಟು ಹಾಕುತ್ತಿದ್ದ ಒಂದು ನಾಟಕ ಕಂಪನಿಯ ಹಾಸ್ಯಗಾರ ಪಂಚಾಕ್ಷರಯ್ಯ. ಅವರ ಬಾಯಲ್ಲಿ ಮಾತ್ರ ಅವನು ಹೆಸರಿಲ್ಲದ ಬರೀ ಹಾಸ್ಯಗಾರ.

"ಪರದೆ ಹಿಂದೆ ಕಾಡು ತೆಗೆದು ಅರಮನೆ ಹೂಡ್ಬೇಕಲ್ಲ, ಅಲ್ಲೀ ತನಕ ಜನಾನ ಹಿಡಿದಿಡೋನು ಅವನೇ. ಪರದೆ ಮುಂದೆ ಒಬ್ನೇ. ಹಿಂದೆ ಎಲ್ಲಾ ಸಿದ್ಧ ಆದಾಗ ಸೀಟಿ ಊದ್ತಾರೆ, ಆಗ ಇವನು ಒಳಗೆ ಬರ್ಬೇಕು. ಮೊದಲನೇ ವರ್ಷ ಯಾರೋ ಕೈ ಬೀಸಿದ್ರು ಅಂತ ನಂಬಿ ಬಂದುಬಿಟ್ಟ. ಪರದೆ ಮೇಲೆ ಹೋಯ್ತು. ನೋಡಿದ್ರೆ ದಶರಥ ಮಹಾರಾಜರು ಡಬ್ಬದ ಮೇಲೆ ಕೂತ್ಕೊಂಡು ಬೀಡಿ ಎಳೀತಿದಾರೆ. ಅವತ್ತಿಂದ ಅವನು ಒಂದೇ ಮಾತು ಹಿಡಿದ: ಸೀಟಿ ಇಲ್ದೆ ನಾನು ಸ್ಟೇಜ್ ಬಿಡಲ್ಲ, ಬೆಂಕಿ ಬಿದ್ರೂ ಬಿಡಲ್ಲ."

ಇನ್ನೊಂದು ದಿನ ಟೆಂಟಿನಲ್ಲಿ ಕೂಸೊಂದು ಚೀರಿಟ್ಟ ಕಥೆ. ಅವನು ಕೆಳಗಿಳಿದು ಹೋಗಿ, ತಾಯಿಯ ಮಡಿಲಿಂದ ಅದನ್ನು ಎತ್ತಿಕೊಂಡು ಸ್ಟೇಜಿಗೆ ತಂದು, ಹಾಸ್ಯ ನಿಲ್ಲಿಸದೆ ಅದನ್ನು ನಿದ್ದೆ ಮಾಡಿಸಿ, ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿದು ನಗುವಂತೆ ಮಾಡಿ ವಾಪಸ್ಸು ಒಪ್ಪಿಸಿದನಂತೆ. ಕೇಳಿದವರಿಗೆ ನಕ್ಕು ನಕ್ಕು ಪಕ್ಕೆ ನೋಯುತ್ತಿತ್ತು. "ಆಂಟಿ, ನೀವೆಷ್ಟು ನಾಟಕ ನೋಡಿದೀರ," ಎನ್ನುತ್ತಿದ್ದರು. ಗಿರಿಜಾದೇವಿ, "ನೋಡಿದೀನಮ್ಮ, ಬೇಕಾದಷ್ಟು," ಎಂದು ಮಗುವಿನ ಟೋಪಿ ಹುಡುಕಲು ಏಳುತ್ತಿದ್ದರು.

ನೋಡುವುದೇನು ಬಂತು. ಪಂಚಾಕ್ಷರಯ್ಯ ಅವರ ಗಂಡ. ಆ ಪರದೆಯ ಮುಂದೆ ಎಷ್ಟೋ ವರ್ಷ ಅವನ ಜೋಡಿಯಾಗಿ ಬೈಯುವ ಹೆಂಡತಿಯ ಪಾತ್ರ ಮಾಡಿದವರು ಗಿರಿಜಾದೇವಿಯೇ. ಮಗಳು ರಾಜಿ ಹುಟ್ಟಿ ಬೆಳೆದದ್ದು ಆ ಟೆಂಟಿನ ಹಿಂಭಾಗದಲ್ಲಿ. ಸೀಟಿ ಊದುವವನು ಕುಡಿದು ಮಲಗಿಬಿಡುತ್ತಾನೆಂದು ಮ್ಯಾನೇಜರು ಆ ಕೆಲಸವನ್ನು ಎಂಟು ವರ್ಷದ ರಾಜಿಗೆ ವಹಿಸಿದ್ದರು. ಒಂದು ದಿನ ಅವಳು ಸೀಟಿಯನ್ನೇ ಕಳೆದುಬಿಟ್ಟಾಗ ಅಪ್ಪ ಅವಳಿಗೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುವುದನ್ನು ಕಲಿಸಿದ್ದ, ಒಂದು ಉದ್ದ, ಎರಡು ಗಿಡ್ಡ. ಅಂದಿನಿಂದ ಸಿಳ್ಳೆ ಕೇಳಿದೊಡನೆ ಅವನು ಜನರಿಗೆ ಕೈಮುಗಿದು, "ಮಗಳು ಕೂಗ್ತಿದ್ದಾಳೆ, ಬರ್ತೀನ್ರಪ್ಪ," ಎಂದು ಹೇಳಿ ಒಳಗೆ ಹೋಗುತ್ತಿದ್ದ. ಮೆಟ್ಟಿಲ ಮೇಲಿನ ಕಥೆಗಳಲ್ಲಿ ಗಿರಿಜಾದೇವಿ ಎಲ್ಲವನ್ನೂ ಹೇಳಿದರೂ ಈ ಒಂದು ಮಾತನ್ನು ಮಾತ್ರ ಹೇಳುತ್ತಿರಲಿಲ್ಲ.

ಕಾರಣ ರಾಜಿ. ಅವಳು ಹೈಸ್ಕೂಲಿನಲ್ಲಿದ್ದಾಗ ಪಂಚಾಕ್ಷರಯ್ಯ ತೀರಿಕೊಂಡ, ಕಂಪನಿಯೂ ಬಾಗಿಲು ಹಾಕಿತು. ಗಿರಿಜಾದೇವಿ ಬಟ್ಟೆ ಹೊಲಿದು ಮಗಳನ್ನು ಬಿ.ಎಸ್ಸಿ. ಮಾಡಿಸಿದರು. ಅಮೆರಿಕದಲ್ಲಿದ್ದ ಮಂಜುನಾಥನ ಸಂಬಂಧ ಬಂದಾಗ, ನಾಟಕದವರ ಹುಡುಗಿ ಅಂದರೆ ಹುಡುಗನ ಕಡೆಯವರು ಹಿಂದೆ ಸರಿದಾರು ಎಂದು ಸಂಬಂಧ ತಂದವರೇ, "ತಂದೆ ಮೇಷ್ಟ್ರಾಗಿದ್ರು," ಎಂದುಬಿಟ್ಟರು. ರಾಜಿ ತಲೆ ತಗ್ಗಿಸಿ ಹೂಂ ಎಂದಳು. ಮದುವೆಯಾಯಿತು. ಒಮ್ಮೆ ಹೂಂ ಎಂದ ಮೇಲೆ ಉಹೂಂ ಎನ್ನುವುದಕ್ಕೆ ಒಳ್ಳೇ ಮುಹೂರ್ತ ಸಿಕ್ಕೀತು ಎಲ್ಲಿಂದ? ತಾಯಿಯನ್ನು ಕರೆಸಿಕೊಂಡ ದಿನವೇ ಏರ್‌ಪೋರ್ಟಿನಿಂದ ಬರುವ ದಾರಿಯಲ್ಲಿ, ಅಪ್ಪನ ಗುಟ್ಟು ಬಿಡುವುದಿಲ್ಲವೆಂದು ರಾಜಿ ಮಾತು ತೆಗೆದುಕೊಂಡಿದ್ದಳು. ಗಿರಿಜಾದೇವಿ ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಒಳಗೆ ನೋಯುತ್ತಿತ್ತು. ಹಾಸ್ಯಗಾರನ ಫೋಟೊ ತೆಗೆದವರಿಲ್ಲ, ಅವನ ಮಾತು ಬರೆದಿಟ್ಟವರಿಲ್ಲ. ಇದ್ದ ಒಬ್ಬಳೇ ಮಗಳು ನಾಲ್ಕು ಜನರೆದುರು ಒಂದೇ ಒಂದು ಸಲ "ಅವರು ನಮ್ಮಪ್ಪ" ಎಂದರೆ ಸಾಕಿತ್ತು. ಅವರು ಬೇರೆ ಏನನ್ನೂ ಬಯಸಿರಲಿಲ್ಲ.

೧೯೮೯ರ ಜನವರಿಯಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಕೃಷ್ಣಮೂರ್ತಿ ಮನೆಗೆ ಬಂದರು. ಎಂಜಿನಿಯರು, ಗಡಿಯಾರ ನೋಡಿಕೊಂಡೇ ನಗುವ ಮನುಷ್ಯ.

"ಆಂಟಿ, ಸಂಕ್ರಾಂತಿ ಪ್ರೋಗ್ರಾಮಿನಲ್ಲಿ ಈ ಸಲ ದೊಡ್ಡ ರಾಜರ ನಾಟಕ ಇಟ್ಕೊಂಡಿದೀವಿ. ಮಕ್ಕಳ ಡಾನ್ಸ್ ಆದ್ಮೇಲೆ ಸೆಟ್ ಚೇಂಜ್ ಮಾಡಕ್ಕೆ ಟೆನ್ ಮಿನಿಟ್ಸ್ ಬೇಕು. ನೀವು ಆ ಹಾಸ್ಯಗಾರನ ಕಥೆ ಹೇಳ್ತೀರಂತಲ್ಲ, ಅದನ್ನೇ ಪರದೆ ಮುಂದೆ ಮಾಡಿಬಿಡಿ."

ಗಿರಿಜಾದೇವಿ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. "ಮಾಡ್ತೀನಿ. ಆದ್ರೆ ಕಥೆ ಹೇಳಲ್ಲ, ಆಟಾನೇ ಆಡ್ತೀನಿ. ಮಾವನ ಮನೆಗೆ ಹೊರಟೋನ ಹೊಸ ಚಪ್ಪಲಿ ಪ್ರಸಂಗ. ಗಂಡನ ಪಾತ್ರಕ್ಕೆ ಒಬ್ಬನ್ನ ಹುಡುಕಿ ಕೊಡಿ. ಸೆಟ್ ಸಿದ್ಧ ಆದ್ಮೇಲೆ ಸೀಟಿ ಊದ್ಬೇಕು. ಸೀಟಿ ಊದೋ ತನಕ ನಾವು ಒಳಗೆ ಬರಲ್ಲ."

"ಹೈಸ್ಕೂಲ್ ಆಡಿಟೋರಿಯಮ್ಮಲ್ಲಿ ಸೀಟಿನಾ? ಟಾರ್ಚ್ ತೋರಿಸ್ತೀನಿ ಆಂಟಿ, ಡೀಸೆಂಟಾಗಿರುತ್ತೆ."

"ಟಾರ್ಚ್ ಯಾರು ಬೇಕಾದ್ರೂ ತೋರಿಸ್ತಾರೆ. ಸೀಟಿ ತಗೊಂಡು ಜೇಬಲ್ಲಿಟ್ಕೊಳ್ಳಿ."

ಆ ಸಂಜೆ ಅಡಿಗೆಮನೆಯಲ್ಲಿ ರಾಜಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಅವಳ ಅತ್ತೆ ಶಿವಲಿಂಗಮ್ಮ ತುಮಕೂರಿನಿಂದ ಮಗನ ಮನೆ ನೋಡಲು ಬಂದು ಮೇಲಿನ ಕೋಣೆಯಲ್ಲಿದ್ದರು.

"ಅತ್ತೆ ಬಂದಿರೋವಾಗ್ಲೇ ಬೇಕಿತ್ತಾ ಇದು? ಬೇಡ ಅಂತ ಹೇಳಿಬಿಡಮ್ಮ."

"ಒಪ್ಕೊಂಡಾಯ್ತು."

"ಹಾಗಾದ್ರೆ ಅಪ್ಪ ಯಾರು ಏನು ಅಂತ ಬಾಯಿ ಬಿಡ್ಬೇಡ. ಈಗ ಗೊತ್ತಾದ್ರೆ ಅತ್ತೆ ನನ್ನ ಮುಖ ನೋಡ್ತಾರಾ? ಇಷ್ಟು ವರ್ಷ ಸುಳ್ಳು ಹೇಳಿದ್ಲು ಅಂತಾರೆ."

"ನಾನು ಬಾಯಿ ಬಿಡಲ್ಲ ಕಣೆ," ಎಂದರು ಗಿರಿಜಾದೇವಿ. "ಅದನ್ನ ಹೇಳೋದಿದ್ರೆ ನೀನೇ ಹೇಳ್ಬೇಕು. ನಾನು ಯಾರು ಹೇಳಕ್ಕೆ, ಬರೀ ಹೆಂಡತಿ. ನೀನು ಅವರ ರಕ್ತ." ಇಷ್ಟು ಹೇಳಿ ಅವರು ಹುಳಿಗೆ ಒಗ್ಗರಣೆ ಹಾಕಲು ಹೋದರು.

ಗಂಡನ ಪಾತ್ರಕ್ಕೆ ಬಂದವರನ್ನೆಲ್ಲ ಗಿರಿಜಾದೇವಿ ಬಾಗಿಲಲ್ಲೇ ಸಾಗಹಾಕಿದರು. ಒಬ್ಬ ಮಾತಾಡುವ ಮೊದಲೇ ತಾನೇ ನಗುತ್ತಿದ್ದ. ಇನ್ನೊಬ್ಬ ಹೆಜ್ಜೆಯನ್ನು ಲೆಕ್ಕದಂತೆ ಇಡುತ್ತಿದ್ದ. ಕೊನೆಗೆ ಸಿಕ್ಕವನು ವುಡ್‌ಬ್ರಿಡ್ಜಿನಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಮಹಾಬಲ. ಅವನಿಗೆ ಒಳ್ಳೇ ಹೊಟ್ಟೆಯಿತ್ತು, ಬೈಸಿಕೊಂಡರೆ ಮುಖ ಕೆಡುತ್ತಿರಲಿಲ್ಲ. ಹಾಸ್ಯಕ್ಕೆ ಅಷ್ಟಿದ್ದರೆ ಮುಕ್ಕಾಲು ಪಾಲು ಆಯಿತು. ಹೋಟೆಲಿನ ಅಡಿಗೆಮನೆಯಲ್ಲಿ, ದೋಸೆಕಲ್ಲಿನ ಪಕ್ಕದಲ್ಲೇ ಅಭ್ಯಾಸ ನಡೆಯಿತು.

"ಎಂತದು ಮಾರಾಯ್ರೆ, ಒಂದು ಹೆಜ್ಜೆಗೆ ಇಷ್ಟು ಹೊತ್ತಾ?" ಎಂದು ಮಹಾಬಲ ಏದುಸಿರು ಬಿಡುತ್ತಿದ್ದ. "ಅಷ್ಟರಲ್ಲಿ ನಾನು ನಾಲ್ಕು ಮಸಾಲೆ ಹೊಯ್ತೇನೆ."

"ಹೆಬ್ಬೆರಳು ಮೊದಲು ಕೇಳ್ಬೇಕು ಮಹಾಬಲ. ನೆಲ ಹೂಂ ಅಂದ್ಮೇಲೆ ಕಾಲು."

ಅಂತೂ ಹತ್ತು ನಿಮಿಷಕ್ಕಾಗುವಷ್ಟು ಅವನಿಗೆ ಕೂಡಿಬಂತು. ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಬರುತ್ತಿರಲಿಲ್ಲ.

ಸಂಕ್ರಾಂತಿಯ ದಿನ ಪಾರ್ಕಿಂಗ್ ಲಾಟಿನಲ್ಲಿ ಹಳೇ ಹಿಮ ಕಲ್ಲಾಗಿ ಕೂತಿತ್ತು. ಒಳಗೆ ಆಡಿಟೋರಿಯಂ ತುಂಬ ರೇಷ್ಮೆ ಸೀರೆ, ಎಳ್ಳುಬೆಲ್ಲ, ಮಕ್ಕಳ ಗಲಾಟೆ. ಎರಡನೇ ಸಾಲಿನಲ್ಲಿ ಶಿವಲಿಂಗಮ್ಮ, ಪಕ್ಕದಲ್ಲಿ ರಾಜಿ, ಆಚೆ ಮಂಜುನಾಥ. ಮಕ್ಕಳ ಡಾನ್ಸ್ ಮುಗಿದು ಪರದೆ ಬಿತ್ತು. ಗಿರಿಜಾದೇವಿ ತಲೆ ಮೇಲೆ ಸೆರಗು ಹೊದ್ದು ಪರದೆಯ ಮುಂದೆ ಬಂದರು. ಕಾಲುಗಳು ಆ ಜಾಗವನ್ನು ಗುರುತು ಹಿಡಿದವು. ಮುಂದೆ ದೀಪ, ಬೆನ್ನಿಗೆ ಬಟ್ಟೆ, ಅದರಾಚೆ ಮೊಳೆ ಹೊಡೆಯುವ ಸದ್ದು. ಇಷ್ಟು ವರ್ಷ ಯಾರದೋ ಮನೆಯಲ್ಲಿ ಇದ್ದು ಈಗ ತಮ್ಮ ಮನೆಗೆ ಬಂದಂತಾಯಿತು ಅವರಿಗೆ.

ಹತ್ತು ನಿಮಿಷ ಸೊಗಸಾಗಿ ನಡೆಯಿತು. ಹೊಸ ಚಪ್ಪಲಿ ಸವೆದೀತೆಂದು ಕೈಗೆ ಹಾಕಿಕೊಂಡು ಮಾವನ ಮನೆಗೆ ಹೊರಟ ಗಂಡ, ಮುಳ್ಳು ತುಳಿದರೂ "ಸದ್ಯ, ಚಪ್ಪಲಿ ಹಾಕಿರಲಿಲ್ಲ" ಎಂದು ಸಂತೋಷಪಡುತ್ತಾನೆ. ಹೆಂಡತಿ ಅವನ ಜನ್ಮ ಜಾಲಾಡುತ್ತಾಳೆ. ಜನ ನಕ್ಕರು. ಮಹಾಬಲ ತನಗೆ ಗೊತ್ತಿದ್ದ ಕೊನೆಯ ಮಾತನ್ನೂ ಹೇಳಿ ಮುಗಿಸಿ, ಸೀಟಿಗಾಗಿ ಕಿವಿಗೊಟ್ಟ. ಸೀಟಿ ಬರಲಿಲ್ಲ. ಬದಲಿಗೆ ಪರದೆಯ ಸಂದಿನಿಂದ ಯಾರೋ ಮುಂದಿನ ಸಾಲುಗಳಿಗೂ ಕೇಳುವಂತೆ ಪಿಸುಗುಟ್ಟಿದರು: "ಆಂಟಿ, ರಾಘವೇಂದ್ರ ಕೀ ಕಾರಲ್ಲೇ ಬಿಟ್ಟು ಲಾಕ್ ಮಾಡ್ಕೊಂಡಿದಾರೆ. ರಾಜರ ಡ್ರೆಸ್ಸು, ಕಿರೀಟ ಎಲ್ಲಾ ಒಳಗಿದೆ. ಸ್ವಲ್ಪ ಎಳೀರಿ."

ರಾಘವೇಂದ್ರ ಎಂದರೆ ನಾಟಕದ ರಾಜ. ಅವನು ಅರ್ಧ ಮೀಸೆ ಅಂಟಿಸಿಕೊಂಡು ಹಿಮದಲ್ಲಿ ನಿಂತಿದ್ದ. ಕೃಷ್ಣಮೂರ್ತಿಯವರೂ ಸಂಘದ ಗಂಡಸರೂ ಕೋಟು ತೂಗುಹಾಕುವ ತಂತಿಯನ್ನು ಬಗ್ಗಿಸಿ ಕಿಟಕಿಯ ಸಂದಿಗೆ ತೂರಿಸುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಸಲಹೆ. ಇದೆಲ್ಲ ಆಮೇಲೆ ತಿಳಿದದ್ದು.

ಮಹಾಬಲನ ಮುಖ ಬಿಳುಚಿಕೊಂಡಿತು. "ನೀರು ಕುಡ್ಕೊಂಡು ಬರ್ತೇನೆ ಅಕ್ಕ," ಎಂದವನೇ ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಒಳಗೆ ಓಡಿದ. ಮತ್ತೆ ಬರುವ ಲಕ್ಷಣ ಕಾಣಲಿಲ್ಲ.

ಗಿರಿಜಾದೇವಿ ಒಬ್ಬರೇ ಉಳಿದರು. ಖಾಲಿ ಸ್ಟೇಜು, ನಡುವೆ ಎರಡು ಚಪ್ಪಲಿ. ಅವರಿಗೆ ಹೆದರಿಕೆಯಾಗಲಿಲ್ಲ. ಗಂಡ ಸತ್ತ ಮೇಲೆ ಅವನ ಪಾತ್ರವನ್ನು ಜನರ ಮುಂದೆ ಮಾಡಲು ಇಷ್ಟು ದಿನ ಅವರಿಗೆ ಮನಸ್ಸು ಬಂದಿರಲಿಲ್ಲ, ಅಷ್ಟೇ. ಅವರು ಚಪ್ಪಲಿಗಳನ್ನು ಎತ್ತಿಕೊಂಡರು, ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದರು. ಬೆನ್ನು ಸ್ವಲ್ಪ ಬಾಗಿತು, ಗದ್ದ ಮುಂದೆ ಬಂತು, ಬಲಗಾಲಿನ ಹೆಬ್ಬೆರಳು ಹೊರಬಂದು ನೆಲವನ್ನು ವಿಚಾರಿಸಿತು.

ಸಭೆಯ ಹಿಂಭಾಗದಿಂದ ಒಂದು ಸಣ್ಣ ದನಿ ಕೂಗಿತು: "ಲುಕ್, ಚಪ್ಪಲಿ ಅಜ್ಜಿ!"

ಆಮೇಲೆ ಹತ್ತು ದನಿ, ಇಪ್ಪತ್ತು ದನಿ. ಓಲ್ಡ್ ಬ್ರಿಡ್ಜಿನ ಆ ಹಾಲಿನಲ್ಲಿ ಅತ್ತು ಅತ್ತು ಸುಮ್ಮನಾದ ಮಕ್ಕಳೆಲ್ಲ ಕುರ್ಚಿ ಬಿಟ್ಟು ನಡುವಿನ ದಾರಿಗೆ ಬಂದಿದ್ದವು. ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಮಕ್ಕಳು. ಗಿರಿಜಾದೇವಿ ಚಪ್ಪಲಿಗೆ ಬಗ್ಗಿ, "ಮೆಲ್ಲಗೆ, ಮೆಲ್ಲಗೆ," ಎಂದರೋ ಇಲ್ಲವೋ, ಮಕ್ಕಳೆಲ್ಲ ಒಂದೇ ಉಸಿರಿಗೆ, "ಚಪ್ಪಲಿಗೆ ನೋವಾಗುತ್ತೆ!" ಎಂದು ಕಿರುಚಿದವು. ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಬಾಯಲ್ಲಿ ಅಷ್ಟುದ್ದದ ಕನ್ನಡ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಲ್ಲಿಂದಾಚೆ ಅವರನ್ನು ಹಿಡಿಯುವವರೇ ಇರಲಿಲ್ಲ. ಸೆರಗು ತಲೆಗೆ ಬಂದರೆ ಹೆಂಡತಿ, ಸೊಂಟಕ್ಕೆ ಹೋದರೆ ಗಂಡ. ಹೆಂಡತಿ ಬೈದರೆ ಗಂಡ ಚಪ್ಪಲಿಯ ಕಿವಿ ಮುಚ್ಚುತ್ತಿದ್ದ. "ನೋಡೆ, ನಾನು ಜೋಪಾನದ ಮನುಷ್ಯ. ಇಲ್ಲಿ ಒಬ್ರು ರಾಜರಿದಾರೆ, ರಾಜ್ಯದ ಬೀಗ ಹಾಕಿ ಕೀ ಒಳಗೇ ಬಿಟ್ಟಿದಾರೆ," ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಯಾರೋ ಹಳಬರು, "ಒನ್ಸ್ ಮೋರ್," ಎಂದು ಕೂಗಿದರು. ಗಿರಿಜಾದೇವಿ ಮುಳ್ಳು ತುಳಿದದ್ದನ್ನು ಇನ್ನೊಮ್ಮೆ ತುಳಿದರು. ಆ ದನಿ, ಆ ಕೆಮ್ಮು, ಮಾತಿನ ನಡುವೆ ಮೂಗು ಒರೆಸಿಕೊಳ್ಳುವ ರೀತಿ, ಎಲ್ಲ ತಾನಾಗಿ ಬರುತ್ತಿತ್ತು. ಎಷ್ಟು ಚೆನ್ನಾಗಿದ್ದನಪ್ಪ ಈ ಮನುಷ್ಯ ಎಂದು ಅವರಿಗೆ ಆಡುತ್ತಲೇ ಅನ್ನಿಸಿತು, ಹೆಮ್ಮೆಯಿಂದ ಎದೆ ತುಂಬಿತು.

ಎಷ್ಟೋ ಹೊತ್ತಾದ ಮೇಲೆ ಪಕ್ಕದಿಂದ ಟಾರ್ಚಿನ ಬೆಳಕು ಮಿನುಗಿತು. ಕಾರು ತೆಗೆದಿದ್ದರು, ರಾಜ ಸಿಂಗರಿಸಿಕೊಂಡು ನಿಂತಿದ್ದ. ಆದರೆ ಕಿರೀಟ ಇಳಿಸುವ ಗಡಿಬಿಡಿಯಲ್ಲಿ ಕೃಷ್ಣಮೂರ್ತಿಯವರು ತಮ್ಮ ಕೋಟನ್ನು ಕಾರಿನ ಸೀಟಿನ ಮೇಲೆ ಹಾಕಿ, ಅಭ್ಯಾಸಬಲದಿಂದ ಲಾಕ್ ಒತ್ತಿ ಬಾಗಿಲು ಹಾಕಿಬಿಟ್ಟಿದ್ದರು. ಕೀ ಇನ್ನೂ ಒಳಗೇ ಇತ್ತು. ಸೀಟಿ ಆ ಕೋಟಿನ ಜೇಬಿನಲ್ಲಿತ್ತು.

ಟಾರ್ಚು ಮತ್ತೆ ಮಿನುಗಿತು. ಗಿರಿಜಾದೇವಿ ನೋಡಿಯೂ ನೋಡದಂತೆ ಇದ್ದರು. ಕೃಷ್ಣಮೂರ್ತಿ ಕೈ ಬೀಸಿದರು, ಗಡಿಯಾರ ತೋರಿಸಿದರು, ಕೊನೆಗೆ ಕೈ ಮುಗಿದರು. ಗಿರಿಜಾದೇವಿ ಗಂಡನ ದನಿಯಲ್ಲೇ ಸಭೆಗೆ ಹೇಳಿದರು: "ಅಲ್ಲೊಬ್ರು ಕೈ ಮುಗೀತಿದಾರೆ. ಮುಗೀಲಿ ಬಿಡಿ. ಸೀಟಿ ಇಲ್ದೆ ನಾನು ಸ್ಟೇಜ್ ಬಿಡಲ್ಲ, ಬೆಂಕಿ ಬಿದ್ರೂ ಬಿಡಲ್ಲ." ಜನ ಇದೂ ಹಾಸ್ಯವೆಂದುಕೊಂಡು ನಕ್ಕರು. ಗೊತ್ತಿದ್ದ ಮಾತೆಲ್ಲ ಮುಗಿಯುತ್ತ ಬಂದಿತ್ತು. ಗಂಡ ಬೆಳೆಸಿದ ಪದ್ಧತಿಯನ್ನು, ಅದೂ ಅವನ ವೇಷದಲ್ಲೇ ನಿಂತು ಮುರಿಯಲು ಅವರಿಂದ ಆಗಲಿಲ್ಲ. ಅವರು ಇನ್ನೊಂದು ಹೆಜ್ಜೆ ಇಟ್ಟರು. ಹೆಬ್ಬೆರಳು ಸೋತು ಅಡ್ಡಬಿತ್ತು. ಕಣ್ಣು ತಾನಾಗಿ ಎರಡನೇ ಸಾಲಿಗೆ ಹೋಯಿತು.

ರಾಜಿ ಎದ್ದು ನಿಂತಿದ್ದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಕೈಗೆ ಬಳೆ, ಮೈಮೇಲೆ ರೇಷ್ಮೆ ಸೀರೆ, ಪಕ್ಕದಲ್ಲಿ ಅತ್ತೆ. ಅವಳು ಎರಡು ಬೆರಳನ್ನು ಬಾಯಿಗಿಟ್ಟು ಸಿಳ್ಳೆ ಹೊಡೆದಳು, ಒಂದು ಉದ್ದ, ಎರಡು ಗಿಡ್ಡ.

ಗಿರಿಜಾದೇವಿ ಬೆನ್ನು ಸೆಟೆಸಿ ನಿಂತು, ಎರಡೂ ಚಪ್ಪಲಿ ಜೋಡಿಸಿ ಸಭೆಗೆ ಕೈಮುಗಿದರು. ಆ ಮಾತನ್ನು ಹೇಳಲೋ ಬೇಡವೋ ಎಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಸಿಳ್ಳೆಯ ಹಿಂದೆ ಅದು ತಾನಾಗಿಯೇ ಬಂತು.

"ಮಗಳು ಕೂಗ್ತಿದ್ದಾಳೆ, ಬರ್ತೀನ್ರಪ್ಪ."

ಅವರು ಪಕ್ಕದ ಮೆಟ್ಟಿಲಿಳಿದು ಬರುವಷ್ಟರಲ್ಲಿ ಪರದೆ ಮೇಲೇರಿ, ರಾಜ ಸಿಂಹಾಸನದಲ್ಲಿ ಕೂತಿದ್ದ. ಅವನನ್ನು ನೋಡುವವರು ಯಾರೂ ಇರಲಿಲ್ಲ. ಸುತ್ತಲಿನ ಸಾಲುಗಳೆಲ್ಲ ರಾಜಿಯ ಕಡೆ ತಿರುಗಿದ್ದವು. ಶಿವಲಿಂಗಮ್ಮ ಸೊಸೆಯನ್ನು ಮೇಲಿನಿಂದ ಕೆಳಗಿನ ತನಕ ನೋಡುತ್ತಿದ್ದರು.

"ಏನೇ ರಾಜಿ, ಮೇಷ್ಟ್ರ ಮಗಳಿಗೆ ಹಿಂಗೆ ಸಿಳ್ಳೆ ಹೊಡೆಯೋದು ಯಾರೇ ಕಲಿಸಿದ್ರು?"

ರಾಜಿ ಕಣ್ಣೊರೆಸಿಕೊಳ್ಳಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಚಪ್ಪಲಿ ಹಿಡಿದು ಪಕ್ಕದಲ್ಲಿ ಬಂದು ನಿಂತಿದ್ದ ತಾಯಿಗೂ, ಹಿಂದಿನ ನಾಲ್ಕು ಸಾಲಿಗೂ ಕೇಳುವಂತೆ ಹೇಳಿದಳು:

"ನಮ್ಮಪ್ಪ ಮೇಷ್ಟ್ರಲ್ಲ ಅತ್ತೆ. ಇಷ್ಟು ಹೊತ್ತು ನೋಡಿ ನಗ್ತಿದ್ರಲ್ಲ, ಅವರೇ ನಮ್ಮಪ್ಪ."